ಚರ್ಮರೋಗ ಸಂಶೋಧನೆ | ಡಾಕ್ಟರ್ ಪಾಸಾಗ್ತಾರೆ, ಪ್ರಶ್ನೆ ಅಲ್ಲೇ ಉಳಿಯುತ್ತೆ

"ಎಷ್ಟು ದಿನ ಮಾತ್ರೆ ತಗೋಬೇಕು ಡಾಕ್ಟ್ರೇ?"

ಚರ್ಮರೋಗ ವಿಭಾಗದಲ್ಲಿ ಎಂಡಿ ಮಾಡುತ್ತಿದ್ದ ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಕೇಳುತ್ತಿದ್ದವರು ಹೆಚ್ಚಾಗಿ ಹುಳಕಡ್ಡಿಯವರು. ಕೂಲಿ ಕೆಲಸಕ್ಕೆ ಹೋಗೋ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು, ದಿನವಿಡೀ ಬೆವರಲ್ಲಿ ಕೂರುವ ಡ್ರೈವರ್‌ಗಳು. ಸೊಂಟ, ತೊಡೆಸಂದು, ಎದೆಯ ಕೆಳಗೆ ಕೆಂಪು ಉಂಗುರಗಳು. ಜೊತೆಗೊಂದು ಪ್ಲಾಸ್ಟಿಕ್ ಕವರ್. ಅದರ ತುಂಬಾ ಮೆಡಿಕಲ್ ಸ್ಟೋರಿನಿಂದ ತಂದ ಖಾಲಿ ಟ್ಯೂಬುಗಳು.

ಒಬ್ಬ ಅಮ್ಮನಿಗೆ ನಾನು "ಒಂದು ತಿಂಗಳು" ಅಂದೆ. ಪಕ್ಕದ ಟೇಬಲ್ಲಿನಲ್ಲಿದ್ದ ಸೀನಿಯರ್ ಅದೇ ದಿನ, ಅಂಥದ್ದೇ ರೋಗಿಗೆ "ಆರು ವಾರ" ಅಂದರು. ನಮ್ಮ ಪ್ರೊಫೆಸರ್ "ವಾಸಿಯಾದ ಮೇಲೂ ಎರಡು ವಾರ" ಅನ್ನುತ್ತಿದ್ದರು. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಮೂವರೂ ಅವರವರ ಅನುಭವದಿಂದ ಅಂದಾಜು ಮಾಡುತ್ತಿದ್ದೆವು. ಆ ಅಮ್ಮ ಮಾತ್ರ ಅಂದಾಜಿಗೆ ದುಡ್ಡು ಕೊಡುತ್ತಿದ್ದಳು.

ಅದೇ ಹೊತ್ತಿಗೆ ನಾನು ಥೀಸಿಸ್ ಬರೆಯುತ್ತಿದ್ದೆ. ನಮ್ಮ ದೇಶದಲ್ಲಿ ಎಂಡಿ ಮಾಡುವ ಪ್ರತಿಯೊಬ್ಬರೂ ಥೀಸಿಸ್ ಬರೆಯಲೇಬೇಕು. ನನ್ನದು 60 ರೋಗಿಗಳದ್ದು. ಯಾಕೆ 60? ಕೈಯಲ್ಲಿದ್ದ ಸಮಯಕ್ಕೆ ಅಷ್ಟೇ ಸಿಗುತ್ತಿದ್ದರು. ಯಾಕೆ ಆ ವಿಷಯ? ಹಿಂದಿನ ಬ್ಯಾಚಿನವರು ಅದನ್ನು ಮಾಡಿರಲಿಲ್ಲ, ಅಷ್ಟೇ. ಬೈಂಡ್ ಮಾಡಿಸಿ ಕೊಟ್ಟೆ, ಪಾಸಾದೆ. ಆ ಪುಸ್ತಕ ಈಗಲೂ ಯಾವುದೋ ಬೀರುವಿನಲ್ಲಿ ಕೂತಿದೆ. ಹುಳಕಡ್ಡಿಗೆ ಎಷ್ಟು ದಿನ ಮಾತ್ರೆ ಅನ್ನೋ ಪ್ರಶ್ನೆ ಒಪಿಡಿಯಲ್ಲೇ ಉಳಿಯಿತು.

ಇದನ್ನು ನಾನು ನನ್ನ ಸೋಮಾರಿತನ, ನನ್ನ ಕಾಲೇಜಿನ ಬಡತನ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಬ್ರಿಟನ್ನಿನ ಚರ್ಮವೈದ್ಯರು ಕಳೆದ ಎರಡು ದಶಕದಲ್ಲಿ ಮಾಡಿದ ಕೆಲಸ ಓದಿದ ಮೇಲೆ ಅಭಿಪ್ರಾಯ ಬದಲಾಯ್ತು. ತಪ್ಪು ಇದ್ದದ್ದು ವ್ಯವಸ್ಥೆಯಲ್ಲಿ. ಸಂಶೋಧನೆಯನ್ನು ಒಬ್ಬೊಬ್ಬ ವಿದ್ಯಾರ್ಥಿಯ ತಲೆ ಮೇಲೆ ಹೊರಿಸಿದರೆ ಡಿಗ್ರಿ ಹುಟ್ಟುತ್ತೆ, ಉತ್ತರ ಹುಟ್ಟಲ್ಲ.

ತಲಾ ನಾಲ್ಕು ರೋಗಿ

2002ರಲ್ಲಿ ಬ್ರಿಟನ್ನಿನಲ್ಲಿ 'ಯುಕೆ ಡರ್ಮಟಾಲಜಿ ಕ್ಲಿನಿಕಲ್ ಟ್ರಯಲ್ಸ್ ನೆಟ್‌ವರ್ಕ್' ಶುರುವಾಯಿತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಅದರ ಕೇಂದ್ರ. ಹೈವೆಲ್ ವಿಲಿಯಮ್ಸ್ ಅನ್ನುವ ಚರ್ಮವೈದ್ಯ ಅದರ ಹಿಂದಿನ ಮುಖ್ಯ ಶಕ್ತಿ. ಸರ್ಕಾರಿ ಆಸ್ಪತ್ರೆಗಳಲ್ಲಿ ದಿನನಿತ್ಯ ರೋಗಿ ನೋಡುವ ಸಾಮಾನ್ಯ ಚರ್ಮವೈದ್ಯರು, ನರ್ಸ್‌ಗಳು, ಫ್ಯಾಮಿಲಿ ಡಾಕ್ಟರ್‌ಗಳು, ಅಂಕಿಅಂಶ ತಜ್ಞರು, ಜೊತೆಗೆ ರೋಗಿಗಳು, ಎಲ್ಲರೂ ಇದರ ಸದಸ್ಯರಾಗಬಹುದು. ಸದಸ್ಯರಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಹೊಳೆದರೆ ಅದನ್ನು ಮುಂದಿಡುತ್ತಾರೆ. ಎಲ್ಲರೂ ಕೂತು ಅದನ್ನು ಜಾಲಾಡುತ್ತಾರೆ. ಗಟ್ಟಿ ಅನ್ನಿಸಿದರೆ ಸಾರ್ವಜನಿಕ ಹಣಕ್ಕೆ ಅರ್ಜಿ ಹಾಕಿ, ದೇಶದ ಹತ್ತಾರು ಆಸ್ಪತ್ರೆಗಳಲ್ಲಿ ಒಟ್ಟಿಗೆ ಪ್ರಯೋಗ ನಡೆಸುತ್ತಾರೆ.

ಇದರ ಬಲ ಗೊತ್ತಾಗೋಕೆ ಒಂದು ಉದಾಹರಣೆ ಸಾಕು. 'ಬುಲ್ಲಸ್ ಪೆಂಫಿಗಾಯ್ಡ್' ಅಂತ ಒಂದು ಕಾಯಿಲೆ. ವಯಸ್ಸಾದವರ ಮೈಮೇಲೆ ದೊಡ್ಡ ದೊಡ್ಡ ನೀರುಗುಳ್ಳೆ ಏಳುತ್ತವೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಗುಳ್ಳೆ ಇಳಿಯುತ್ತೆ. ಆದರೆ 80 ವರ್ಷದ ದೇಹಕ್ಕೆ ಸ್ಟೀರಾಯ್ಡ್ ಅಂದ್ರೆ ಸೋಂಕು, ಸಕ್ಕರೆ ಕಾಯಿಲೆ, ಮೂಳೆ ಮುರಿತದ ಅಪಾಯ. ಡಾಕ್ಸಿಸೈಕ್ಲಿನ್ ಅನ್ನುವ ಹಳೇ, ಅಗ್ಗದ ಆಂಟಿಬಯಾಟಿಕ್ ಕೊಟ್ಟರೆ ಹೇಗೆ? ಯಾವ ಔಷಧ ಕಂಪನಿಯೂ ಈ ಪ್ರಶ್ನೆ ಕೇಳಲ್ಲ. ಪೇಟೆಂಟ್ ಇಲ್ಲದ ಮಾತ್ರೆಯಿಂದ ಲಾಭ ಎಲ್ಲಿಂದ ಬರಬೇಕು?

ನೆಟ್‌ವರ್ಕ್ ಕೇಳಿತು. 'ಬ್ಲಿಸ್ಟರ್' ಹೆಸರಿನ ಆ ಪ್ರಯೋಗಕ್ಕೆ 253 ರೋಗಿಗಳು ಸೇರಿದರು. ಬ್ರಿಟನ್ನಿನ 54, ಜರ್ಮನಿಯ 7 ಆಸ್ಪತ್ರೆಗಳಿಂದ. ಲೆಕ್ಕ ಹಾಕಿ, ಒಂದು ಆಸ್ಪತ್ರೆಗೆ ಸರಾಸರಿ ನಾಲ್ಕು ರೋಗಿ! ಆ ನಾಲ್ಕರಿಂದ ಯಾವ ಆಸ್ಪತ್ರೆಯೂ ಏನನ್ನೂ ಸಾಬೀತು ಮಾಡಲಾಗುತ್ತಿರಲಿಲ್ಲ. 61 ಆಸ್ಪತ್ರೆಗಳ ನಾಲ್ಕು ನಾಲ್ಕು ಸೇರಿದಾಗ 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಉತ್ತರ ಬಂತು. ಆರು ವಾರದಲ್ಲಿ ಗುಳ್ಳೆ ಹತೋಟಿಗೆ ಬಂದದ್ದು ಸ್ಟೀರಾಯ್ಡ್ ಗುಂಪಿನಲ್ಲಿ ಶೇ. 91, ಡಾಕ್ಸಿಸೈಕ್ಲಿನ್ ಗುಂಪಿನಲ್ಲಿ ಶೇ. 74. ಆದರೆ ಒಂದು ವರ್ಷದೊಳಗೆ ಗಂಭೀರ ಅಥವಾ ಜೀವಕ್ಕೇ ಕುತ್ತಾಗುವ ಅಡ್ಡಪರಿಣಾಮ ಸ್ಟೀರಾಯ್ಡ್ ಗುಂಪಿನಲ್ಲಿ ಶೇ. 36, ಡಾಕ್ಸಿಸೈಕ್ಲಿನ್‌ನಲ್ಲಿ ಶೇ. 18. ಅಂದ್ರೆ ಅರ್ಧಕ್ಕರ್ಧ.

ಇಲ್ಲಿ 'ಈ ಮಾತ್ರೆ ಗೆದ್ದಿತು, ಆ ಮಾತ್ರೆ ಸೋತಿತು' ಅನ್ನೋ ತೀರ್ಪಿಲ್ಲ. ಆದರೆ ಈಗ ಡಾಕ್ಟರು ಅಜ್ಜನ ಮುಂದೆ ಕೂತು ಎರಡೂ ದಾರಿಯ ಲೆಕ್ಕ ಇಟ್ಟು, "ನಿಮಗೆ ಯಾವುದು ಬೇಕು?" ಅಂತ ಕೇಳಬಹುದು. ಮೊದಲು ಆ ಮಾತುಕತೆಯೇ ಸಾಧ್ಯವಿರಲಿಲ್ಲ.

'ಕೆಲಸ ಮಾಡಲ್ಲ' ಅನ್ನೋದೂ ಉತ್ತರವೇ

ಇನ್ನೊಂದು ಬಗೆಯ ಪ್ರಶ್ನೆಗಳಿವೆ. ಮಾರುಕಟ್ಟೆಗೆ ಅವು ಕಂಡರಾಗಲ್ಲ. ಮಕ್ಕಳ ಇಸುಬಿಗೆ ಗಡಸು ನೀರು ಕಾರಣ, ಮನೆಗೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿ ಅನ್ನೋ ಮಾತು ಬ್ರಿಟನ್ನಿನಲ್ಲೂ ಇತ್ತು. 336 ಮಕ್ಕಳ ಮನೆಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. 2011ರಲ್ಲಿ ಫಲಿತಾಂಶ ಬಂತು: ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಇಲ್ಲ. ಇಸುಬಿನ ಮಕ್ಕಳಿಗೆ ರೇಷ್ಮೆಯ ವಿಶೇಷ ಬಟ್ಟೆ? 300 ಮಕ್ಕಳ ಪ್ರಯೋಗ, 2017ರ ಉತ್ತರ: ಪ್ರಯೋಜನ ಇಲ್ಲ. ಹುಟ್ಟಿದ ಮಗುವಿಗೆ ಮೊದಲ ವರ್ಷವಿಡೀ ದಿನಾ ಮಾಯಿಶ್ಚರೈಸರ್ ಹಚ್ಚಿದರೆ ಇಸುಬು ಬರದಂತೆ ತಡೆಯಬಹುದಾ? 1,394 ಮಕ್ಕಳು, 2020ರ ಉತ್ತರ: ತಡೆಯೋಕಾಗಲ್ಲ.

ಇದೇ ಬಗೆಯ ಇನ್ನೊಂದು ಪ್ರಯೋಗ 'ಬಾತ್'. ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳ ಬಗ್ಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 96 ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್‌ಗಳು, 482 ಮಕ್ಕಳು. ಈ ಎಣ್ಣೆಗಳಿಗೆ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ವರ್ಷಕ್ಕೆ 2.3 ಕೋಟಿ ಪೌಂಡ್‌ಗೂ ಹೆಚ್ಚು ಸುರಿಯುತ್ತಿತ್ತು. 2018ರಲ್ಲಿ ಗೊತ್ತಾಯಿತು, ಮೈಗೆ ಹಚ್ಚುವ ಕ್ರೀಮ್ ಬಳಸುವ ಮಕ್ಕಳಿಗೆ ಇದರಿಂದ ಹೆಚ್ಚಿಗೆ ಏನೂ ಸಿಗಲ್ಲ ಅಂತ.

ಇದು ರಾಜಕೀಯ ಅಲ್ವಾ? ಜನರ ತೆರಿಗೆ ದುಡ್ಡು ಎಲ್ಲಿ ಹೋಗುತ್ತೆ, ಯಾರ ಜೇಬಿಗೆ ಹೋಗುತ್ತೆ ಅಂತ ಅಂಕಿಅಂಶ ಹಿಡಿದು ಕೇಳೋದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ? ಮಾರುವವರು ತಮ್ಮ ಸರಕು 'ಕೆಲಸ ಮಾಡಲ್ಲ' ಅಂತ ತಾವೇ ಹೇಳಿಕೊಳ್ಳಲ್ಲ. ಅದನ್ನು ಹೇಳುವ ತಾಕತ್ತಿರುವ ಡಾಕ್ಟರ್‌ಗಳನ್ನು ಸಮಾಜವೇ ತಯಾರು ಮಾಡಿಕೊಳ್ಳಬೇಕು.

ತಯಾರು ಮಾಡೋದು ಹೇಗೆ?

ನನಗೆ ಹೊಟ್ಟೆಕಿಚ್ಚಾಗೋದು ಇಲ್ಲೇ. ಈ ನೆಟ್‌ವರ್ಕ್ ಪ್ರಯೋಗ ನಡೆಸುವುದರ ಜೊತೆಗೆ ಪ್ರಯೋಗ ನಡೆಸುವವರನ್ನೂ ಬೆಳೆಸುತ್ತೆ. ತರಬೇತಿಯಲ್ಲಿರುವ ಚರ್ಮವೈದ್ಯರಿಗೆ, ನರ್ಸ್‌ಗಳಿಗೆ, ಫ್ಯಾಮಿಲಿ ಡಾಕ್ಟರ್‌ಗಳಿಗೆ ಫೆಲೋಶಿಪ್ ಇದೆ. ಯಾರೂ ಕೆಲಸ ಬಿಟ್ಟು ಬರಬೇಕಿಲ್ಲ. ಆಸ್ಪತ್ರೆಯ ಕೆಲಸ ಮಾಡುತ್ತಲೇ ಅನುಭವಿ ಸಂಶೋಧಕರೊಬ್ಬರ ಮಾರ್ಗದರ್ಶನದಲ್ಲಿ ಕಲಿಯಬಹುದು. ಬೇರೆಯವರ ಪ್ರಬಂಧವನ್ನು ಪ್ರಶ್ನೆ ಮಾಡುತ್ತಾ ಓದುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಮುಖ್ಯವಾಗಿ, ಯಾವ ಪ್ರಶ್ನೆ ಮುಂದೆ ಹೋಗಬೇಕು, ಯಾವುದು ಬಿದ್ದುಹೋಗಬೇಕು ಅಂತ ತೀರ್ಮಾನಿಸುವ ಸಮಿತಿಯ ಸಭೆಗಳಲ್ಲಿ ಈ ಫೆಲೋಗಳನ್ನೂ ಕೂರಿಸುತ್ತಾರೆ.

ಯೋಚನೆ ಮಾಡಿ. ದೇಶದ ದೊಡ್ಡ ಪ್ರೊಫೆಸರ್ ತಂದ ಪ್ರಸ್ತಾಪವನ್ನು ಒಬ್ಬ ಅಂಕಿಅಂಶ ತಜ್ಞೆ, ಒಬ್ಬ ರೋಗಿ, ಒಬ್ಬ ನರ್ಸ್ ಸೇರಿ ಬಿಡಿಸಿ ಬಿಡಿಸಿ ನೋಡೋದನ್ನು ಕಣ್ಣಾರೆ ಕಂಡ ಜೂನಿಯರ್ ಡಾಕ್ಟರ್ ಮುಂದೆ ಎಂಥ ಪ್ರಶ್ನೆ ಕೇಳಬಹುದು! ನನ್ನ ಕಾಲೇಜಿನಲ್ಲಿ ನಾನು ಕಂಡದ್ದು ಬೇರೆ. ಥೀಸಿಸ್ ವಿಷಯ ಗೈಡ್ ಕೊಡುತ್ತಾರೆ, ನಾವು "ಸರಿ ಸರ್" ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಿರಿಯ ಡಾಕ್ಟರ್‌ಗಳು ಆರು ತಿಂಗಳು ತಮ್ಮದೇ ಆಸ್ಪತ್ರೆಯಲ್ಲಿ ನಡೆಯುತ್ತಿರುವ ದೊಡ್ಡ ಪ್ರಯೋಗವೊಂದರಲ್ಲಿ 'ಅಸೋಸಿಯೇಟ್' ಆಗಿ ದುಡಿದು, ಅಧಿಕೃತ ಮಾನ್ಯತೆ ಪಡೆಯುವ ಯೋಜನೆ ಅದು. ಅಂದ್ರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಪುಟ್ಟ ಪ್ರಯೋಗ ಹುಟ್ಟುಹಾಕಬೇಕಿಲ್ಲ. ದೊಡ್ಡ ಪ್ರಶ್ನೆಯೊಂದಕ್ಕೆ ಒಂದು ಕೈ ಸೇರಿಸಿದರೂ ಅದು ಕಲಿಕೆಯೇ.

ಪ್ರಶ್ನೆ ಆರಿಸುವುದರಲ್ಲಿ ರೋಗಿಗಳಿಗೂ ಪಾಲಿದೆ. ಜೇಮ್ಸ್ ಲಿಂಡ್ ಅಲಯನ್ಸ್ ಅನ್ನುವ ವ್ಯವಸ್ಥೆಯಡಿ ರೋಗಿಗಳು, ಅವರ ಮನೆಯವರು ಮತ್ತು ಡಾಕ್ಟರ್‌ಗಳು ಸಮಾನವಾಗಿ ಕೂತು ಮೊದಲು ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಪಟ್ಟಿ ಮಾಡುತ್ತಾರೆ. ತೊನ್ನಿನ ಬಗ್ಗೆ ಹೀಗೆ ಪಟ್ಟಿ ಮಾಡಿದ ಮೇಲೆ ಬಂದದ್ದು 'ಹೈ-ಲೈಟ್' ಪ್ರಯೋಗ. 16 ಆಸ್ಪತ್ರೆ, 517 ಜನ. ಮನೆಯಲ್ಲೇ ಕೈಯಲ್ಲಿ ಹಿಡಿದು ಬಳಸುವ ಬೆಳಕಿನ ಯಂತ್ರ ಉಪಯೋಗವಾ ಅನ್ನೋದು ಪ್ರಶ್ನೆ. ಬರೀ ಸ್ಟೀರಾಯ್ಡ್ ಮುಲಾಮು ಹಚ್ಚಿದವರಲ್ಲಿ ಶೇ. 17, ಮುಲಾಮಿನ ಜೊತೆ ಬೆಳಕೂ ಬಳಸಿದವರಲ್ಲಿ ಶೇ. 27 ಮಂದಿಗೆ ಒಂಬತ್ತು ತಿಂಗಳಲ್ಲಿ ಗಮನಾರ್ಹ ಗುಣ ಕಂಡಿತು. ಚಿಕಿತ್ಸೆ ನಿಲ್ಲಿಸಿದ ಮೇಲೆ ಲಾಭ ಉಳಿಯಲಿಲ್ಲ ಅನ್ನೋದನ್ನೂ ಮುಚ್ಚಿಡದೆ ಹೇಳಿದರು. ತೊನ್ನು ಅಂದ್ರೆ ನಮ್ಮಲ್ಲಿ ಮದುವೆ ಮುರಿಯುತ್ತೆ, ಮನೆಯವರೇ ತಟ್ಟೆ ಬೇರೆ ಇಡ್ತಾರೆ. ಅಂಥ ಕಾಯಿಲೆ ಇರುವವರನ್ನೇ ಕರೆದು "ನಿಮಗೆ ಏನು ತಿಳಿಯಬೇಕು?" ಅಂತ ಕೇಳೋದು ನನಗಂತೂ ಸಣ್ಣ ಸಂಗತಿ ಅನ್ನಿಸಲಿಲ್ಲ.

ನಮ್ಮ ಹೆಸರಿನ ಶಿಲೀಂಧ್ರ

"ಅದೆಲ್ಲ ಬ್ರಿಟನ್‌ಗೆ ಸರಿ, ನಮಗ್ಯಾಕೆ?" ಅನ್ನಬಹುದು. ನಮಗೇ ಹೆಚ್ಚು ಬೇಕು. ಹುಳಕಡ್ಡಿ ತರುವ, ಮಾಮೂಲಿ ಟರ್ಬಿನಫಿನ್ ಮಾತ್ರೆಗೆ ಹಲವು ಸಲ ಬಗ್ಗದ ಶಿಲೀಂಧ್ರವೊಂದಕ್ಕೆ 2020ರಲ್ಲಿ 'ಟ್ರೈಕೋಫೈಟಾನ್ ಇಂಡೋಟಿನಿಯೇ' ಅಂತ ಹೆಸರಿಟ್ಟರು. ಇಂಡೋ ಅಂದ್ರೆ ನಾವೇ. ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಕಲಸಿದ ಟ್ಯೂಬುಗಳನ್ನು ಕೌಂಟರಿನಲ್ಲೇ ಮಾರಿದ ದೇಶ ನಮ್ಮದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ನನ್ನ ಟೇಬಲ್ಲಿಗೆ ಪ್ಲಾಸ್ಟಿಕ್ ಕವರ್ ಬರೋದು ಮಾತ್ರ ನಿಂತಿಲ್ಲ.

ನಮ್ಮವರಿಗೆ ಕೈಲಾಗಲ್ಲ ಅಂತಲೂ ಅಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಚರ್ಮವೈದ್ಯರು 200 ಹುಳಕಡ್ಡಿ ರೋಗಿಗಳನ್ನು ನಾಲ್ಕು ಗುಂಪು ಮಾಡಿ, ನಾಲ್ಕು ಹಳೇ ಮಾತ್ರೆಗಳನ್ನು ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ: ಎಂಟು ವಾರದಲ್ಲಿ ವಾಸಿಯಾದವರು ಇಟ್ರಾಕೊನಜೋಲ್‌ನಲ್ಲಿ ಶೇ. 66, ಫ್ಲುಕೊನಜೋಲ್‌ನಲ್ಲಿ ಶೇ. 42, ಟರ್ಬಿನಫಿನ್‌ನಲ್ಲಿ ಶೇ. 28, ಗ್ರೈಸಿಯೋಫುಲ್ವಿನ್‌ನಲ್ಲಿ ಶೇ. 14. ಒಂದೇ ಊರಿನ ಒಂದೇ ಆಸ್ಪತ್ರೆ ಇಷ್ಟು ಉಪಯುಕ್ತ ಉತ್ತರ ಕೊಟ್ಟಿದೆ. ಆದರೆ 66 ಮತ್ತು 28ರಂಥ ದೊಡ್ಡ ಅಂತರ ಗುಂಪಿಗೆ 50 ಜನರಿದ್ದರೆ ಕಾಣುತ್ತೆ. ಆರು ವಾರ ಸಾಕಾ ಎಂಟು ವಾರ ಬೇಕಾ ಅನ್ನುವಂಥ ಸಣ್ಣ ಅಂತರ ಕಾಣಬೇಕಾದ್ರೆ ನೂರಾರು ರೋಗಿಗಳು ಬೇಕು. ವಾರಾಣಸಿಯ ಉತ್ತರ ರಾಯಚೂರಿಗೂ ಹೊಂದುತ್ತಾ ಅಂತ ನೋಡಬೇಕಾದ್ರೆ ರಾಯಚೂರಿನವರೂ ಸೇರಬೇಕು.

ಹಾಗಾದ್ರೆ ನಮ್ಮಲ್ಲಿ ಏನಿದೆ? ಕರ್ನಾಟಕದಲ್ಲಿ 20ಕ್ಕೂ ಹೆಚ್ಚು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಎಂಡಿ ವಿದ್ಯಾರ್ಥಿಗಳಿಗೆ ಥೀಸಿಸ್ ಕಡ್ಡಾಯ. ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯ. ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಿಸ್ಟ್ರಿಕ್ಟ್ ರೆಸಿಡೆನ್ಸಿಯೂ ಕಡ್ಡಾಯ. ದೇಶದ ಮಟ್ಟದಲ್ಲಿ ಐಸಿಎಂಆರ್ 'ಇಂಟೆಂಟ್' ಅನ್ನುವ ಕ್ಲಿನಿಕಲ್ ಟ್ರಯಲ್ ಮತ್ತು ಶಿಕ್ಷಣ ಜಾಲ ಕಟ್ಟುತ್ತಿದೆ. ಇಟ್ಟಿಗೆ, ಸಿಮೆಂಟು, ಮರಳು ಎಲ್ಲ ಇದೆ. ಗೋಡೆ ಮಾತ್ರ ಎದ್ದಿಲ್ಲ.

ಸುಮ್ನೆ ಒಂದು ಲೆಕ್ಕ. ಹತ್ತು ಕಾಲೇಜು, ಒಂದೊಂದರಲ್ಲಿ ಮೂವರು ವಿದ್ಯಾರ್ಥಿಗಳು, ಒಬ್ಬೊಬ್ಬರು 20 ರೋಗಿಗಳು. ಒಟ್ಟು 600. ನನ್ನ ಥೀಸಿಸ್‌ಗೆ ಸೇರಿಸಿದವರಲ್ಲಿ ಮೂರನೇ ಒಂದರಷ್ಟು ಜನರನ್ನು ಸೇರಿಸಿದ್ದರೂ ಸಾಕಿತ್ತು. ನಾನು ಕಡಿಮೆ ಕೆಲಸ ಮಾಡುತ್ತಿದ್ದೆ, ಆ ಅಮ್ಮನಿಗೆ ಹೆಚ್ಚಿನ ಉತ್ತರ ಸಿಗುತ್ತಿತ್ತು.

ಎರಡು ತಕರಾರು

ಮೊದಲನೆಯದು ನ್ಯಾಯವಾದ ಸಿಟ್ಟು. "ಟ್ರಯಲ್ ಅಂದ್ರೆ ಬಡವರನ್ನ ಇಲಿ ಮಾಡೋದಲ್ವಾ?" ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ನಡೆದ ಎಚ್‌ಪಿವಿ ಲಸಿಕೆ ಅಧ್ಯಯನವನ್ನು 2010ರಲ್ಲಿ ನಿಲ್ಲಿಸಬೇಕಾಯ್ತು. ಆಂಧ್ರದಲ್ಲಿ ಹಾಸ್ಟೆಲ್‌ನಲ್ಲಿದ್ದ ಬುಡಕಟ್ಟು ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಇದನ್ನು ಮರೆಯೋಕೆ ಆಗಲ್ಲ, ಮರೆಯಲೂಬಾರದು. 2019ರಲ್ಲಿ ಹೊಸ ನಿಯಮಗಳು ಬಂದಿವೆ, ಸರಿ. ಆದರೆ ನಿಯಮಕ್ಕಿಂತ ಮುಖ್ಯ, ಒಪ್ಪಿಗೆ ಅಂದ್ರೆ ಏನು ಅಂತ ಕಲಿತ ಡಾಕ್ಟರ್ ಪ್ರತಿ ಆಸ್ಪತ್ರೆಯಲ್ಲೂ ಇರೋದು, ಪ್ರಶ್ನೆ ಆರಿಸುವ ಮೇಜಿನಲ್ಲಿ ರೋಗಿಗೂ ಕುರ್ಚಿ ಇರೋದು. ತರಬೇತಿ ಇಲ್ಲದ ಡಾಕ್ಟರ್ ಕಂಪನಿ ಕೊಟ್ಟ ಫಾರ್ಮ್ ತುಂಬುತ್ತಾನೆ. ತರಬೇತಿ ಇರುವವನು "ಈ ಪ್ರಶ್ನೆ ಯಾರಿಗೋಸ್ಕರ?" ಅಂತ ಕೇಳುತ್ತಾನೆ. ಇನ್ನೊಂದು ಮಾತು: ಉತ್ತರ ಗೊತ್ತಿಲ್ಲದೆ ಒಬ್ಬರಿಗೆ ನಾಲ್ಕು ವಾರ, ಇನ್ನೊಬ್ಬರಿಗೆ ಆರು ವಾರ ಮಾತ್ರೆ ಕೊಡುವುದೂ ಪ್ರಯೋಗವೇ. ಅಲ್ಲಿ ಒಪ್ಪಿಗೆ ಕೇಳಲ್ಲ, ಲೆಕ್ಕ ಇಡಲ್ಲ, ಅಷ್ಟೇ ವ್ಯತ್ಯಾಸ.

ಎರಡನೇ ತಕರಾರು ನನ್ನ ಜೊತೆಯವರದ್ದು. "ಒಪಿಡಿಯಲ್ಲಿ ಉಸಿರಾಡೋಕೆ ಪುರುಸೊತ್ತಿಲ್ಲ, ಇದೆಲ್ಲ ಎಲ್ಲಿ ಮಾಡೋದು ಮಾರಾಯಾ?" ಇದೂ ನಿಜ. ಬ್ರಿಟನ್ನಿನಲ್ಲಿ ಇಡೀ ದೇಶಕ್ಕೆ ಒಂದು ಸಾರ್ವಜನಿಕ ಆರೋಗ್ಯ ಸೇವೆ ಇದೆ, ಸಂಶೋಧನೆಗೆ ಪ್ರತ್ಯೇಕ ಸರ್ಕಾರಿ ಹಣ ಇದೆ, ರೋಗಿಗಳನ್ನು ಸೇರಿಸುವ, ಹಿಂಬಾಲಿಸುವ ಕೆಲಸಕ್ಕೇ ರಿಸರ್ಚ್ ನರ್ಸ್‌ಗಳಿದ್ದಾರೆ. ಅಷ್ಟಿದ್ದೂ ಬ್ಲಿಸ್ಟರ್ ಪ್ರಯೋಗ 2009ರಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲು ಶುರು ಮಾಡಿ, ಉತ್ತರ ಪ್ರಕಟಿಸಿದ್ದು 2017ರಲ್ಲಿ. ಎಂಟು ವರ್ಷ!

ಗಮನಿಸಬೇಕಾದ್ದು ಈ ಎಂಟು ವರ್ಷವನ್ನೇ. ನಮ್ಮ ಎಂಡಿ ಮೂರು ವರ್ಷ. ಮೂರು ವರ್ಷದ ವಿದ್ಯಾರ್ಥಿ ಎಂಟು ವರ್ಷದ ಪ್ರಶ್ನೆಯನ್ನು ಒಬ್ಬನೇ ಹೊರಲಾರ. ನೆಟ್‌ವರ್ಕ್ ಹೊರಬಲ್ಲದು. ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ, ಪ್ರಶ್ನೆ ಉಳಿದು ಮುಂದಿನ ಬ್ಯಾಚಿನ ಕೈಗೆ ಹೋಗುತ್ತೆ. ಅದಕ್ಕೆ ಕಾಯಂ ಕಚೇರಿ ಬೇಕು, ಸಂಬಳ ಪಡೆಯುವ ಅಂಕಿಅಂಶ ತಜ್ಞರು ಬೇಕು, ರೋಗಿಗೆ ಫೋನ್ ಮಾಡಿ "ಯಾಕೆ ಬರಲಿಲ್ಲ?" ಅಂತ ಕೇಳುವ ನರ್ಸ್ ಬೇಕು. ಇದು ದುಡ್ಡಿನ ಮಾತು, ಆದ್ದರಿಂದ ಬಜೆಟ್ಟಿನ ಮಾತು. ಹೊಸ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಮಾಡಿದ ದಿನ ಫೋಟೋ ಬರುತ್ತೆ. ಇರುವ ಕಾಲೇಜುಗಳನ್ನು ಒಂದೇ ಪ್ರಶ್ನೆಗೆ ಜೋಡಿಸಿದರೆ ಯಾವ ಫೋಟೋನೂ ಬರಲ್ಲ. ಅದಕ್ಕೇ ಅದನ್ನು ಯಾರೂ ಮಾಡಲ್ಲ. ಅದಕ್ಕೇ ನಾವು ಕೇಳಬೇಕು.

ನಾನು ಕೇಳೋದು ದೊಡ್ಡದೇನಲ್ಲ. ಒಂದೇ ಒಂದು ಪ್ರಶ್ನೆಯಿಂದ ಶುರು ಮಾಡಲಿ. ಹುಳಕಡ್ಡಿಗೆ ಎಷ್ಟು ದಿನ ಮಾತ್ರೆ ಅನ್ನೋದೇ ಆಗಲಿ. ಐದು ಸರ್ಕಾರಿ ಕಾಲೇಜು, ಅವುಗಳ ಜೊತೆಗಿನ ಜಿಲ್ಲಾ ಆಸ್ಪತ್ರೆಗಳು ಒಪ್ಪಿಕೊಳ್ಳಲಿ. ಆ ಪ್ರಯೋಗದಲ್ಲಿ ದುಡಿದ ಕೆಲಸವನ್ನೇ ವಿದ್ಯಾರ್ಥಿಯ ಥೀಸಿಸ್ ಅಂತ ಪರಿಗಣಿಸಲಿ. ಸಮಿತಿಯಲ್ಲಿ ಹುಳಕಡ್ಡಿಯಿಂದ ವರ್ಷಗಟ್ಟಲೆ ಕೆರೆದುಕೊಂಡ ಇಬ್ಬರಾದರೂ ಇರಲಿ. ಫಲಿತಾಂಶ ಏನೇ ಬರಲಿ, ಕನ್ನಡದಲ್ಲಿ ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಲಿ.

ಮೊನ್ನೆಯೂ ಒಬ್ಬರು ಬಂದಿದ್ದರು. ಅದೇ ಕವರ್, ಅದೇ ಟ್ಯೂಬುಗಳು. "ಎಷ್ಟು ದಿನ ಡಾಕ್ಟ್ರೇ?" ಅಂದರು. ನಾನು ಆರು ವಾರ ಅಂತ ಬರೆದುಕೊಟ್ಟೆ. ಅಷ್ಟು ಹೊತ್ತಿಗೆ ಪಕ್ಕದ ರೂಮಿನಲ್ಲಿ ಬೇರೆ ಯಾರೋ ಬೇರೆ ಏನೋ ಬರೆದುಕೊಡುತ್ತಿದ್ದರು.